ಮಾರು, ಮೊಳದಿಂದ ಆಣೆ ಸರಪಳಿಯವರೆಗೆ



ಸೊಸೈಟಿಗೆ ಸಾಲದ ಅರ್ಜಿ ಕೊಡುವಾಗ ನಾವೆಲ್ಲ ಪಹಣಿ ತರುತ್ತೇವೆ. ಅದರಲ್ಲಿ 2-10-08 ಎಂದಿದ್ದರೆ ಎರಡು ಎಕರೆ, ಹತ್ತು ಗುಂಟೆ, ಎಂಟು ಆಣೆ ಎಂದರ್ಥ. 1957ರಲ್ಲಿ ನಯಾಪೈಸೆ ಬಂದ ಮೇಲೆ ದುಡ್ಡಿನ ಆಣೆ ಮರೆಯಾಯಿತು. ಹೊಲದ ಆಣೆ ಮಾತ್ರ ಇನ್ನೂ ಉಳಿದಿದೆ. ಅದು ಬಂದ ದಾರಿಯನ್ನು ನಾಲ್ಕು ಮಾತಲ್ಲಿ ಹೇಳುತ್ತೇವೆ.

ನಮ್ಮ ಹಿರಿಯರಿಗೆ ಮೈಯೇ ಅಳತೆಗೋಲು. ಗೇಣು, ಮೊಳ, ಮಾರು. ದೂರಕ್ಕೆ ಕೂಗಳತೆ, ಹರಿದಾರಿ. ಹೂವಿನವರು ಇಂದಿಗೂ ಮಾರು ಹಾಕಿಯೇ ಕೊಡ್ತಾರೆ. ಹೊಲವನ್ನು ಎಷ್ಟು ಬೀಜ ಹಿಡಿಯುತ್ತದೆ ಎಂಬುದರ ಮೇಲೆ ಖಂಡುಗ, ಕೊಳಗದಲ್ಲಿ ಹೇಳುತ್ತಿದ್ದರು. ಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ಅಳತೆಗಳು ಬರುತ್ತವೆ. ಆದರೆ ಅಳೆಯುವ ಕೋಲು ಊರಿಂದ ಊರಿಗೆ ಬೇರೆ. ಉದ್ದ ಕೈಯವನ ಮಾರು ಒಂದು, ಗಿಡ್ಡ ಕೈಯವನದು ಇನ್ನೊಂದು. ಜಗಳಕ್ಕೆ ಇಷ್ಟು ಸಾಲದೇ?

1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯನ್ನು ಬಳಕೆಗೆ ತಂದ. ಅಂಥ 10 ಚದರ ಸರಪಳಿಗೆ ಒಂದು ಎಕರೆ. ಮುಂಬಯಿ ಪ್ರಾಂತ್ಯದ ಕಂದಾಯ ಮೋಜಣಿಯಲ್ಲಿ ಅದರ ಅರ್ಧ, 33 ಅಡಿಯ ಸರಪಳಿ ಬಳಕೆಗೆ ಬಂತು. ಅದಕ್ಕೆ 16 ಭಾಗ. ಒಂದೊಂದು ಭಾಗವೂ ಒಂದು ಆಣೆ, ಅಂದರೆ ಎರಡಡಿ ಮುಕ್ಕಾಲು ಅಂಗುಲ. ರೂಪಾಯಿಗೆ ಹದಿನಾರಾಣೆ ಎಂದು ಬಲ್ಲ ಜನಕ್ಕೆ ಈ ಲೆಕ್ಕ ಸಲೀಸು. 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿಯ ಜಾಗ ಒಂದು ಗುಂಟೆ. ಅದರ ಹದಿನಾರರಲ್ಲೊಂದು ಪಾಲು ಪಹಣಿಯ ಆಣೆ. ನಲವತ್ತು ಗುಂಟೆಗೆ ಎಕರೆ. ಆಗ ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮೈಸೂರು ಸೀಮೆಯಲ್ಲೂ 1863ರಲ್ಲಿ ಅದೇ ಮಾದರಿಯ ಮೋಜಣಿ ಶುರುವಾಯಿತು.

ಆದರೆ ಕಬ್ಬಿಣದ ಸರಪಳಿಗೂ ಒಂದು ಖೋಡಿ ಇತ್ತು. ಎಳೆದೆಳೆದು ಬಳೆಗಳು ಸವೆದರೆ ಅದು ಉದ್ದವಾಗುತ್ತದೆ. ಉದ್ದವಾದರೆ ಹೊಲ ಕಡಿಮೆ ಕಾಣುತ್ತದೆ! ನಾಲ್ಕೇ ಅಂಗುಲ ಹಿಗ್ಗಿದೆ ಅನ್ನಿ. ನಿಜವಾದ ಒಂದು ಎಕರೆ ಹೊಲ ಸುಮಾರು 13 ಆಣೆ ಕಡಿಮೆ ಬರುತ್ತದೆ. ಎಂಟುನೂರು ಚದರಡಿಗೂ ಮೇಲೆ ಕಾಗದದಲ್ಲೇ ಮಾಯ! ಕೊಂಡಿ ಡೊಂಕಾಗಿ ಸರಪಳಿ ಗಿಡ್ಡಾದರೆ ಇದರ ತಿರುಗುಮುರುಗು. ಅದಕ್ಕೇ ಸರಪಳಿಯನ್ನು ಆಗಾಗ ಸರಿಯಾದ ಅಳತೆಗೆ ಹಿಡಿದು ನೋಡಬೇಕಿತ್ತು.

1956ರ ತೂಕ ಮತ್ತು ಅಳತೆ ಕಾಯಿದೆಯಿಂದ ಮೀಟರ್ ಬಂತು. ಒಂದು ಹೆಕ್ಟೇರಿಗೆ ಸುಮಾರು 2 ಎಕರೆ 19 ಗುಂಟೆ. ಈಗ ಸರ್ವೆಗೆ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಯಂತ್ರಗಳೂ ಬಂದಿವೆ. ಆದರೂ ಕಳೆದುಹೋದ ಬಾಂದುಕಲ್ಲಿನ ಜಾಗ ಹುಡುಕುವಾಗ ಹಳೆಯ ಟಿಪ್ಪಣಿಯಲ್ಲಿ ಬರೆದ ಸರಪಳಿ-ಆಣೆ ಲೆಕ್ಕವನ್ನೇ ತೆಗೆದು ನೋಡಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿರುವ ಹಳೆಯ ಕಾಗದಪತ್ರಗಳನ್ನು ಗೆದ್ದಲಿಗೆ ಬಿಡಬೇಡಿ; ಮಕ್ಕಳಿಗೂ ಓದಲು ಕಲಿಸಿ.

ಬಡವನ ಹೊಲಕ್ಕೂ ಸಾಹುಕಾರನ ಹೊಲಕ್ಕೂ ಒಂದೇ ಸರಪಳಿ ಬೀಳಬೇಕು, ಅದೂ ಸರಿಯಾಗಿರಬೇಕು. ನಮ್ಮ ಸಂಘದ ತಕ್ಕಡಿ, ಲೆಕ್ಕದ ಪುಸ್ತಕಗಳಿಗೂ ಇದೇ ಮಾತು. ಇಪ್ಪತ್ತೈದು ವರ್ಷ ಅಳೆದೂ ತೂಗಿ ನಡೆದಿದ್ದೇವೆ. ಮುಂದೆಯೂ ಹಾಗೇ ನಡೆಯೋಣ.