ಮೇಲಿಂದ ಬಿಟ್ಟರೆ ಕೆಳಗೇ ತಾನೇ ಬರೋದು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಐರೋಲಿ, ಮಹಾಪೆ ಅಂತ ಓಡಾಡೋ ಗೆಳೆಯರಿಗೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ಎರಡು ವಾರ ಡೊಂಬಿವಲಿಯ ಮನೆಯಲ್ಲಿ ರಾತ್ರಿ ಕೂತು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದಲ್ಲಿ ಪೈಲಟ್ ಇಲ್ಲದ ಒಂದು ವಿಮಾನ ಕಟ್ಟಿದೆ. ಹೊಟ್ಟೆಯಡಿ ಪುಟ್ಟ ರಾಕೆಟ್, ಅದರ ತುದಿಯಲ್ಲಿ ಉಪಗ್ರಹ. ವಿಮಾನ ಮೇಲೇರಿ ರಾಕೆಟ್ ಬಿಟ್ಟು, ತಾನು ವಾಪಸ್ ಬಂದು ಇಳಿಯಬೇಕು. ಉಪಗ್ರಹವೇನೋ ಕಕ್ಷೆ ಸೇರಿತು. ತಿರುಗಿ ನೋಡಿದರೆ ವಿಮಾನವೇ ಇಲ್ಲ! ನಾವು ರಾಕೆಟ್ ಹಿಂದೆ ಹೋದರೆ, ವಾತಾವರಣದಲ್ಲೇ ದೂರ ಉಳಿದ ವಿಮಾನವನ್ನು ಆಟ ಅಳಿಸಿಹಾಕುತ್ತೆ.

ಈ ಆಸೆ ಹಳೆಯದು. 1958ರಲ್ಲಿ ಅಮೆರಿಕದ ನೌಕಾಪಡೆ ಸ್ಕೈರೇ ಯುದ್ಧವಿಮಾನದಿಂದ ಆರು ಸಲ ಉಪಗ್ರಹ ಹಾರಿಸಲು ನೋಡಿತು. ಒಂದೂ ಕಕ್ಷೆ ಸೇರಿದ್ದು ಖಚಿತವಾಗಲಿಲ್ಲ. 1990ರ ಏಪ್ರಿಲ್ 5ರಂದು ಬಿ-52 ವಿಮಾನದ ರೆಕ್ಕೆಯಡಿಯಿಂದ ಹೊರಟ ಪೆಗಾಸಸ್ ರಾಕೆಟ್ ಗೆದ್ದಿತು. ವರ್ಜಿನ್ ಆರ್ಬಿಟ್ ಕಂಪನಿ 747 ವಿಮಾನದಿಂದ 2021ರ ಜನವರಿಯಲ್ಲಿ ಮೊದಲ ಸಲ ಯಶಸ್ವಿಯಾಯಿತು. 2023ರ ಏಪ್ರಿಲ್ 4ರಂದು ದಿವಾಳಿ ಅರ್ಜಿ ಹಾಕಿತು.

ಇದು ಯಾಕೆ ಅಷ್ಟು ಲಾಭವಲ್ಲ? ಕಕ್ಷೆ ಅಂದ್ರೆ ಬರೀ ಎತ್ತರ ಅಲ್ಲ, ವೇಗ. ಭೂಮಿಯ ಕೆಳಕಕ್ಷೆಗೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಬೇಕು. ವಿಮಾನ ಕೊಡೋದು ಹೆಚ್ಚೆಂದರೆ ಕಾಲು ಕಿ.ಮೀ.; 100ಕ್ಕೆ 3 ಪಾಲು. ಕಲ್ಯಾಣದಿಂದ ಸಿಎಸ್‌ಎಂಟಿಗೆ ಹೊರಟ ಲೋಕಲ್ ಇನ್ನೂ ಠಾಕುರ್ಲಿ ಮುಟ್ಟಿಲ್ಲ ಅಂದ್ಕೊಳ್ಳಿ. ಆಟದ ಗ್ರಹ ಪುಟ್ಟದು, ಅಲ್ಲಿ ಸೆಕೆಂಡಿಗೆ 2.3 ಕಿ.ಮೀ. ಇದ್ದರೆ ಸಾಕು, ಹಾಗಾಗಿ ಅದೇ ವಿಮಾನ ಡೊಂಬಿವಲಿವರೆಗೆ ತಂದುಬಿಡುತ್ತೆ. ಆಟ ನನಗೆ ಎರಡು ಕಡೆ ಸುಳ್ಳು ಹೇಳಿತ್ತು: ಏರೋದು ಸುಲಭ ಅಂತ, ವಾಪಸಾತಿ ಮರೆತರೂ ನಡೆಯುತ್ತೆ ಅಂತ.

ವಾಪಸಾತಿಯನ್ನೇ ಮೊದಲ ಪಾಠ ಮಾಡಿಕೊಂಡ ಕಥೆ ನಮ್ಮೂರ ಕಡೆಯದೇ. ವರ್ಜಿನ್ ಆರ್ಬಿಟ್ ದಿವಾಳಿ ಅರ್ಜಿ ಹಾಕೋ ಎರಡು ದಿನ ಮೊದಲು, 2023ರ ಏಪ್ರಿಲ್ 2ರ ಭಾನುವಾರ ಬೆಳಗ್ಗೆ, ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯದಿಂದ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವನ್ನು ನೇತುಹಾಕಿಕೊಂಡು 4.5 ಕಿ.ಮೀ. ಎತ್ತರಕ್ಕೆ ಒಯ್ದಿತು. ಬಿಡುಗಡೆಯ ಆಜ್ಞೆ ಕೊಟ್ಟಿದ್ದೂ ವಾಹನದ ಕಂಪ್ಯೂಟರೇ. ಎಂಜಿನ್ ಇಲ್ಲ, ಪೈಲಟ್ ಇಲ್ಲ, 7.40ಕ್ಕೆ ತಾನಾಗಿ ರನ್‌ವೇಗೆ ಇಳಿಯಿತು.

ಊರಿಂದ ಅಪ್ಪ ಫೋನ್ ಮಾಡಿದ್ರು: "ಅಲ್ಲಪ್ಪಾ, ಎತ್ಕೊಂಡೋಗಿ ಮೇಲಿಂದ ಬಿಟ್ಟರೆ ಕೆಳಗೇ ತಾನೇ ಬರೋದು? ಅದ್ರಲ್ಲೇನು ದೊಡ್ಡಸ್ತಿಕೆ?"

ಎಂಟೆಕ್ ಮಾಡಿದ ಮಗನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೇಳ್ತೀನಿ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಇಂಥದ್ದೇ ವಾಹನ ರಾಕೆಟ್ ಮೇಲೆ ಕೂತು 65 ಕಿ.ಮೀ. ಏರಿ, ಬಂಗಾಳಕೊಲ್ಲಿಗೆ ಇಳಿದಿತ್ತು. ಸಮುದ್ರಕ್ಕೆ ಇಳಿದ ಆ ವಾಹನ ಮತ್ತೆ ಹಾರಲಿಲ್ಲ. ರನ್‌ವೇ ಮೇಲೆ ಇಳಿಯಬೇಕಾದರೆ ಎಂಜಿನ್ ಇಲ್ಲದ ಕಾರಣ ಒಂದೇ ಅವಕಾಶ. ತಪ್ಪಿದರೆ ಸುತ್ತು ಹಾಕಿ ಬರೋ ಹಾಗಿಲ್ಲ. 2024ರ ಮಾರ್ಚ್ 22ರಂದು ಪುಷ್ಪಕ್ ಹೆಸರಿನ ವಾಹನವನ್ನು ಬೇಕಂತಲೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್. ಎರಡು ಸಲವೂ ತಾನೇ ದಾರಿ ಸರಿಮಾಡಿಕೊಂಡು ಬಂತು. ಜೂನ್‌ನಲ್ಲಿ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು.

ಆ ನೆಲದ ಮಾತೂ ಹೇಳಬೇಕು. ಅದು ಅಮೃತಮಹಲ್ ಕಾವಲು. ಮೈಸೂರು ಅರಸರ, ಹೈದರ್–ಟಿಪ್ಪುವಿನ ಸೇನೆಗೆ ಸಾಮಾನು ಎಳೆದ ದನಗಳ ಹುಲ್ಲುಗಾವಲು; ಆಮೇಲೆ ಸುತ್ತಲಿನ ಹಳ್ಳಿಗಳ ಕುರಿಗಳಿಗೂ ಆಸರೆ. ಕಾವಲಿನ ತಕರಾರು ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ಕುರಿ ವಾಪಸ್ ಹೋಗದ ಜಾಗಕ್ಕೆ ವಿಮಾನ ವಾಪಸ್ ಬರುತ್ತಿದೆ. ಹೆಮ್ಮೆಪಡುವಾಗ ಎರಡೂ ನೆನಪಿರಲಿ.

ಕಳೆದ ಸಲ ಊರಿಗೆ ಹೋದಾಗ ಅಪ್ಪನಿಗೆ ಜೂನ್‌ನ ವಿಡಿಯೋ ತೋರಿಸಿದೆ. ನೋಡಿ ಕೇಳಿದ್ದು ಒಂದೇ: "ಇದು ಹೋದ ಸಲ ಬಂದಿದ್ದೇನಾ?"

"ಹೌದಪ್ಪ, ಮಾರ್ಚ್‌ನಲ್ಲಿ ಇಳಿದಿದ್ದೇ."

"ಹಂಗಾದ್ರೆ ಸರಿ," ಅಂದ್ರು.

ಮುಂದಿನ ವಾರ ಸಿಗೋಣ.