ಮಾಳಿಗೆ ಮನೆ, ಸವಳು ಮಣ್ಣು ಮತ್ತು ಹಿತ್ತಲು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಚರಿತ್ರೆಯೊಂದಿಗೆ ಗುರುಮನೆಯ ಚರಿತ್ರೆಯೂ ಇರಲೆಂದು ಸಮಿತಿಯವರು ಅಪೇಕ್ಷಿಸಿದರು. ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಬೇರೆ ಪುಟದಲ್ಲಿದೆ. ಅವರೆಲ್ಲರನ್ನೂ ಬಿಸಿಲು ಮಳೆಗಳಿಂದ ಕಾಪಾಡಿದ ಮನೆಯನ್ನು ಕುರಿತು ಬರೆಯುವುದೆಂದರೆ ಈ ಸೀಮೆಯ ಹಳೆಯ ಮನೆಗಳೆಲ್ಲವನ್ನೂ ಕುರಿತು ಬರೆದಂತೆಯೇ ಸರಿ. ಮಸರಕಲ್, ದೇವದುರ್ಗ, ಮಾನವಿ ಕಡೆಯ ರೈತರ ಮನೆಗಳಂತೆ ಇದೂ ಕಲ್ಲು ಮಣ್ಣಿನ ಗೋಡೆಯ, ಮೇಲ್ಮುದ್ದೆ ಹಾಕಿದ ಮಾಳಿಗೆ ಮನೆಯಾಗಿದೆ.

ಕೃಷ್ಣೆ ತುಂಗಭದ್ರೆಯರ ನಡುವಣ ಈ ನಾಡನ್ನು ಪ್ರಾಚೀನ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ಹೊಳೆಗಳಿದ್ದರೂ ಮಳೆ ಅಲ್ಪ, ಬಿಸಿಲು ಪ್ರಖರ. ಆದ್ದರಿಂದ ಮಲೆನಾಡಿನ ಇಳಿಜಾರು ಹಂಚಿನ ಮಾಡು ಇಲ್ಲಿ ಬೇಕಾಗಲಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಗಳ ಮೇಲೆ ಒತ್ತಾಗಿ ಜೋಡಿಸಿದ ಸೀಳು ಕಟ್ಟಿಗೆ, ಗೆದ್ದಲು ತಡೆಯಲೆಂದು ಬೇವಿನ ಅಥವಾ ಲಕ್ಕಿಯ ಸೊಪ್ಪು, ಕೊನೆಗೆ ತುಳಿದು ಹದಮಾಡಿದ ಮಣ್ಣಿನ ದಪ್ಪ ಹೊದಿಕೆ: ಇದೇ ಮೇಲ್ಮುದ್ದೆ. ಮೇ ತಿಂಗಳ ನಡುಹಗಲಿನಲ್ಲಿಯೂ ಇದರಡಿ ಕುಳಿತು ಜಪಮಾಲೆ ಹೇಳಬಹುದು. ಕಾಂಕ್ರೀಟಿನ ಕೆಳಗೆ ಅದು ಪ್ರಾಯಶ್ಚಿತ್ತವೇ ಆಗುತ್ತದೆ!

ಈ ಹೊದಿಕೆಯ ಮೇಲ್ಪದರಕ್ಕೆ ಹೊಲದ ಎರೆಮಣ್ಣು ಒಗ್ಗದು. ನೆನೆದಾಗ ಉಬ್ಬಿ, ಒಣಗಿದಾಗ ಬಾಯಿಬಿಡುವುದು ಅದರ ಗುಣ. ನಮ್ಮ ಹಿರಿಯರು ಆರಿಸಿಕೊಂಡದ್ದು ಬೆಳೆ ಬಾರದ ಸವಳು ಮಣ್ಣನ್ನು. ಸೋಡಿಯಂ ಲವಣವುಳ್ಳ ಈ ಮಣ್ಣು ಮಳೆಹನಿ ಬಿದ್ದೊಡನೆ ನುಣ್ಣಗೆ ಕದಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಇಂಗದೆ ಜಾರಿ ದೋಣಿಯ ಮೂಲಕ ಹೊರಗೆ ಬೀಳುತ್ತದೆ. ರಸಾಯನಶಾಸ್ತ್ರ ಓದದವರು ಇದನ್ನು ಕಣ್ಣಿನಿಂದಲೇ ಕಂಡುಕೊಂಡರು. ತುಂಗಭದ್ರಾ ಅಣೆಕಟ್ಟೆಯ ನೀರು ೧೯೫೩ರಿಂದ ಹರಿಯತೊಡಗಿದ ಬಳಿಕ ಮಾನವಿ, ಸಿಂಧನೂರು ಕಡೆಯ ಎಷ್ಟೋ ಹೊಲಗಳು ಸವಳು ಜವಳಾದವು. ಮಾಳಿಗೆಗೆ ವರವಾದದ್ದು ಹೊಲಕ್ಕೆ ಶಾಪವಾಯಿತು.

ಸಂತ ಮಾರ್ಕರು ತಮ್ಮ ಶುಭಸಂದೇಶದ ೨ನೆಯ ಅಧ್ಯಾಯದಲ್ಲಿ ಕಫೆರ್ನವುಮಿನ ಮನೆಯೊಂದರ ಮಾಳಿಗೆಯನ್ನು ಅಗೆದು ಪಾರ್ಶ್ವವಾಯು ರೋಗಿಯನ್ನು ಕೆಳಗಿಳಿಸಿದ ಪ್ರಸಂಗವನ್ನು ಬರೆದಿದ್ದಾರೆ. ಸಂತ ಲೂಕರು ಇದೇ ಪ್ರಸಂಗದಲ್ಲಿ ಹಂಚುಗಳನ್ನು ಹೇಳುತ್ತಾರೆ. ಸೆಮಿನರಿಯಲ್ಲಿ ಈ ಭೇದಕ್ಕೆ ವ್ಯಾಖ್ಯಾನ ಬೇಕಾಗಿತ್ತು. ಇಲ್ಲಿಯ ಭಕ್ತಾದಿಗಳಿಗಾದರೋ ಮಾಳಿಗೆ ಅಗೆಯುವುದೆಂದರೇನೆಂದು ಯಾರೂ ವಿವರಿಸಬೇಕಿಲ್ಲ. ಮರುದಿನ ಆ ಮನೆಯವರು ಎಷ್ಟು ಬುಟ್ಟಿ ಮಣ್ಣು ಹೊತ್ತರೋ ಎಂಬ ಚಿಂತೆ ಮಾತ್ರ ನಮಗೆ ಇಂದಿಗೂ ಉಳಿದಿದೆ.

ಏಕೆಂದರೆ ಮಾಳಿಗೆ ಮನೆಯನ್ನು ಒಮ್ಮೆ ಕಟ್ಟಿದರೆ ಸಾಲದು. ಯುಗಾದಿ ಕಳೆದು ರೋಹಿಣಿ ಮಳೆ ಬರುವುದರೊಳಗೆ ಮೇಲೆ ಬೆಳೆದ ಹುಲ್ಲು ಕಿತ್ತು, ಬಿರುಕು ತುಂಬಿ, ಹೊಸ ಸವಳು ಮಣ್ಣು ಹರಡಿ, ಕುಂಬಿ ತಿದ್ದಿ, ದೋಣಿ ಚೊಕ್ಕಟ ಮಾಡಬೇಕು. ಎತ್ತಿನ ಗಾಡಿಯಿದ್ದಾಗ, ಮನೆತುಂಬ ಜನರಿದ್ದಾಗ ಇದು ನಾಲ್ಕು ದಿನದ ಕೆಲಸ. ಎತ್ತು ಮಾರಿ, ಮಕ್ಕಳು ದುಡಿಯಲು ಬೆಂಗಳೂರಿಗೆ ಹೋದ ಮೇಲೆ ಮಾಳಿಗೆ ಏರುವವರಾರು? ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ ಹಸ್ತಾ ಮಳೆ ಎಡೆಬಿಡದೆ ಸುರಿದು ಅಕ್ಟೋಬರಿಗೂ ಮುಂದುವರಿದಾಗ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಅಪಾರ ಸಂಖ್ಯೆಯಲ್ಲಿ ಕುಸಿದವು. ನೆರೆಗೆ ತುತ್ತಾದ ಊರುಗಳಿಗಾಗಿ ಸರಕಾರವು ‘ಆಸರೆ’ ಯೋಜನೆಯಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಮಣ್ಣಿನ ಮನೆಯೇ ದುರ್ಬಲವೆಂದು ಆಗ ಎಲ್ಲರೂ ನುಡಿದರು. ಅಂಥ ಮಳೆಗೆ ಒಳ್ಳೆಯ ಮನೆಗಳೂ ಬಿದ್ದದ್ದುಂಟು. ಆದರೆ ವರ್ಷವರ್ಷವೂ ಮಣ್ಣು ಕಾಣದಿದ್ದ ಮನೆಗೆ ತಡೆಯುವ ಶಕ್ತಿಯೇ ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಹೀಗೆನ್ನುವ ನಾವೇ ತಪ್ಪಿದ್ದುಂಟು. ಇಲ್ಲಿಗೆ ಬಂದ ಹೊಸದರಲ್ಲಿ, ಶಾಶ್ವತವಾಗಲೆಂದು ಹಿಂದಿನ ಗೋಡೆಗೆ ಸಿಮೆಂಟು ಗಿಲಾವು ಮಾಡಿಸಿದೆವು. ವಯಸ್ಸಾದ ಗೌಂಡಿ, “ಸ್ವಾಮ್ಯಾರ, ಗ್ವಾಡಿ ಉಸಿರಾಡಂಗಿಲ್ರೀ” ಎಂದು ಎಚ್ಚರಿಸಿದರೂ ಕೇಳಲಿಲ್ಲ. ಮೂರು ಮಳೆಗಾಲಗಳಲ್ಲಿ ಒಳಗೆ ಸೇರಿದ ತೇವ ಹೊರಬರಲಾಗದೆ ಗೋಡೆ ಉಬ್ಬಿ, ಗಿಲಾವು ಹಲಗೆಯಂತೆ ಕಳಚಿಬಿತ್ತು. ಅದರೊಡನೆ ಎರಡು ಸಾಲು ಕಲ್ಲುಗಳೂ ಉರುಳಿದವು. ಅದೇ ಗೌಂಡಿ ಬಂದು ಮಣ್ಣು, ಹೊಟ್ಟು, ಸಗಣಿ ಕಲಸಿ ವಾರಕಾಲ ಕೊಳೆಹಾಕಿ ಮತ್ತೆ ಮೆತ್ತಿದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ.

ಗೋಡೆಯ ತೇವಕ್ಕೆ ಇನ್ನೊಂದು ಕಾರಣ ಹಿತ್ತಲಿನಲ್ಲಿತ್ತು. ಬಚ್ಚಲ ನೀರು ವ್ಯರ್ಥವಾಗದಿರಲೆಂದು ಗೋಡೆಯ ಬುಡಕ್ಕೇ ಬಾಳೆ ನೆಟ್ಟಿದ್ದೆವು. ಬಾಳೆ ಸೊಂಪಾಗಿ ಬೆಳೆಯಿತು, ಅಡಿಪಾಯ ಮೆತ್ತಗಾಯಿತು. ಈಗ ಸಣ್ಣ ಕಾಲುವೆ ತೆಗೆದು ನೀರನ್ನು ಹತ್ತಡಿ ದೂರ ಒಯ್ದಿದ್ದೇವೆ. ಅಲ್ಲಿ ಬಾಳೆ, ಕರಿಬೇವು, ಪೀಠದ ಹೂವಿಗೆಂದು ಕನಕಾಂಬರ. ನೀರು ಹೆಚ್ಚು ಬೇಡದ ನುಗ್ಗೆ ಬೇಲಿಯ ಬಳಿ. ಪಡುವಣ ಬಿಸಿಲಿಗೆ ಅಡ್ಡವಾಗಿರುವ ಬೇವು ಹಿಂದಿನ ಗುರುಗಳ ಕಾಲದ್ದು. ಅದರ ಸೊಪ್ಪು ಈ ವರ್ಷ ಮಾಳಿಗೆಗೆ ಬಳಕೆಯಾಗಲಿದೆ.

ಅಡಿಗೆ ಕೋಣೆಯ ಮೇಲೆ ಎರಡು ಜಂತೆ ಬದಲಿಸಬೇಕಾಗಿದೆ. ಸವಳು ಮಣ್ಣು ಆಗಲೇ ಬಂದು ಅಂಗಳದಲ್ಲಿ ಬಿದ್ದಿದೆ. ಯುಗಾದಿಯ ನಂತರದ ಮೊದಲ ಶನಿವಾರ ಬೆಳಗಿನ ಪೂಜೆ ಮುಗಿದ ಕೂಡಲೆ ಕೆಲಸ ಆರಂಭ. ಬುಟ್ಟಿ, ಸಲಿಕೆ ಇರುವವರು ತರತಕ್ಕದ್ದು.