ಅಗ್ಗದ ಕನ್ಸೋಲ್, ಅದೇ ದರದ ಗೇಮ್: ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಲೆಕ್ಕ

2020ರ ನವೆಂಬರ್ 10ರಂದು ಮೈಕ್ರೋಸಾಫ್ಟ್ ಭಾರತದಲ್ಲಿ ಎರಡು ಕನ್ಸೋಲ್ ಬಿಡುಗಡೆ ಮಾಡಿತು. ಸೀರೀಸ್ ಎಕ್ಸ್‌ಗೆ ₹49,990, ಸೀರೀಸ್ ಎಸ್‌ಗೆ ₹34,990. ₹15,000 ಉಳಿತಾಯ ಅಂದ್ರೆ ಸಣ್ಣದೇನಲ್ಲ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಲ್ಲಿ ಕೂತು ಲೆಕ್ಕ ಹಾಕಿದರೆ, ಅಗ್ಗದ ಯಂತ್ರದ ನಿಜವಾದ ಖರ್ಚು ಕೊಂಡ ಮೇಲೆ ಶುರುವಾಗುತ್ತೆ ಅಂತ ನನಗನಿಸುತ್ತದೆ.

ಗುಣಮಟ್ಟದಲ್ಲಿ ಏನು ವ್ಯತ್ಯಾಸ?

ಎಕ್ಸ್‌ನ ಗ್ರಾಫಿಕ್ಸ್ ಸಾಮರ್ಥ್ಯ 12 ಟೆರಾಫ್ಲಾಪ್, ಎಸ್‌ನದು 4. ಮೆಮೊರಿ 16 ಜಿಬಿ ಎದುರು 10 ಜಿಬಿ. 2023ರ 'ಸ್ಟಾರ್‌ಫೀಲ್ಡ್' ಎಕ್ಸ್‌ನಲ್ಲಿ 4ಕೆ, ಎಸ್‌ನಲ್ಲಿ 1440ಪಿ. ಮನೆಯ ಸಣ್ಣ ಟಿವಿಯಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ. ಆದರೆ ಮೆಮೊರಿಯ ಕೊರತೆ ಮುಚ್ಚಿಡಲಾಗದು. 'ಬಾಲ್ಡರ್ಸ್ ಗೇಟ್ 3'ರಲ್ಲಿ ಇಬ್ಬರು ಒಂದೇ ಟಿವಿಯನ್ನು ಹಂಚಿಕೊಂಡು ಆಡಬಹುದು. ಎಸ್‌ನಲ್ಲಿ ಅದು ಓಡದ ಕಾರಣ ಎಕ್ಸ್‌ಬಾಕ್ಸ್ ಆವೃತ್ತಿಯೇ 2023ರ ಡಿಸೆಂಬರ್‌ವರೆಗೆ ತಡವಾಯಿತು. ಎಸ್ ಇಟ್ಟುಕೊಂಡವರಿಗೆ ಆ ಸೌಲಭ್ಯ ಸಿಕ್ಕಿದ್ದು 2025ರ ಏಪ್ರಿಲ್ ಅಪ್‌ಡೇಟ್‌ನಲ್ಲಿ.

ಹಾಗಾದರೆ ಗೇಮ್ ದರ ಕಡಿಮೆಯೇ?

ಇಲ್ಲ. ಸ್ಟೋರ್‌ನಲ್ಲಿ ಎರಡೂ ಯಂತ್ರಕ್ಕೆ ಒಂದೇ ಗೇಮ್, ಒಂದೇ ದರ. ನಿಂಟೆಂಡೊ ಸ್ವಿಚ್‌ನದೂ ಇದೇ ಕತೆ: 2015ರ 'ದಿ ವಿಚರ್ 3' ಅಲ್ಲಿಗೆ ಬಂದಿದ್ದು 2019ರಲ್ಲಿ, ಟಿವಿಯಲ್ಲಿ ಗರಿಷ್ಠ 720ಪಿ, ದರ ಮಾತ್ರ ಹೊಸ ಗೇಮ್‌ನಷ್ಟೇ 60 ಡಾಲರ್. ಕಂಪನಿಗಳ ವಾದದಲ್ಲೂ ಹುರುಳಿದೆ: ದೊಡ್ಡ ಗೇಮನ್ನು ಸಣ್ಣ ಯಂತ್ರಕ್ಕೆ ಇಳಿಸುವುದಕ್ಕೆ ಕೆಲಸ ಹೆಚ್ಚೇ ಬೇಕು. ಹಾಗಾಗಿ ಒಂದೇ ದರದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ.

ತಕರಾರಿರುವುದು ಎಲ್ಲಿ?

ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಅಂದ್ರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವಂತಿಲ್ಲ, ಆಡಿ ಮುಗಿದದ್ದನ್ನು ಮಾರುವಂತಿಲ್ಲ, ಗೆಳೆಯನಿಗೆ ಎರವಲು ಕೊಡುವಂತಿಲ್ಲ. ಕಡಿಮೆ ದುಡ್ಡಿನವರು ಗೇಮ್ ಆಡುತ್ತಿದ್ದ ದಾರಿಗಳೇ ಇವು. ಇನ್ನು ಡೌನ್‌ಲೋಡ್: 100 ಜಿಬಿಯ ಒಂದು ಗೇಮ್, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನ್‌ನಲ್ಲಿ ಇಳಿಯಲು 50 ದಿನ ಬೇಕು. ಫೈಬರ್ ಇರುವ ನಗರದವನಿಗೆ ಇದು ಒಂದು ರಾತ್ರಿಯ ಕೆಲಸ. 512 ಜಿಬಿ ಅಂತ ಹೇಳುವ ಸ್ಟೋರೇಜ್‌ನಲ್ಲಿ ಬಳಕೆಗೆ ಸಿಗುವುದು ಸುಮಾರು 364 ಜಿಬಿ. ಅಂಥ ಮೂರು ಗೇಮ್‌ಗೆ ಮುಗಿಯಿತು.

ನಾವು ಏನು ಕೇಳಬೇಕು?

2019ರ ಜನವರಿಯಿಂದ ಕನ್ಸೋಲ್ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ತೆರಿಗೆ ಇಳಿಸಿದರೆ ಯಂತ್ರ ಮನೆಗೆ ಬರುತ್ತೆ, ಗೇಮ್ ಬರಲ್ಲ. ಅದಕ್ಕೆ ಹಳ್ಳಿಗೆ ಫೈಬರ್ ಬೇಕು. ಯಾವ ಯಂತ್ರದಲ್ಲಿ ಎಷ್ಟು ರೆಸಲ್ಯೂಶನ್, ಯಾವ ಸೌಲಭ್ಯ ಇಲ್ಲ ಅನ್ನೋದು ಸ್ಟೋರ್ ಪುಟದಲ್ಲಿ ದರದ ಪಕ್ಕದಲ್ಲೇ ಇರಬೇಕು. ದುಡ್ಡು ಕೊಟ್ಟ ಡಿಜಿಟಲ್ ಗೇಮನ್ನು ಮತ್ತೊಬ್ಬರಿಗೆ ಮಾರುವ ಹಕ್ಕೂ ಬೇಕು.